ವರ್ಷವಿಡೀ ಜೇನು, ಚಿಟ್ಟೆ ಬರುವ ಹಿತ್ತಲು: ಹುಬ್ಬಳ್ಳಿ-ಧಾರವಾಡದ ಮಳೆ, ಮಣ್ಣಿಗೆ ತಕ್ಕ ಹಂತಗಳು

"ಗಿಡ ಹಚ್ಚಿದ್ದೇವೆ, ಹೂವೂ ಬಿಟ್ಟಿವೆ, ಜೇನು ಮಾತ್ರ ಬರುತ್ತಿಲ್ಲ." "ದೀಪಾವಳಿ ತನಕ ಚಿಟ್ಟೆ ತುಂಬಿದ್ದವು, ಯುಗಾದಿ ಹೊತ್ತಿಗೆ ಒಂದೂ ಇಲ್ಲ." ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರಿಂದ ಈ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ಎರಡರ ಹಿಂದೆಯೂ ಇರುವುದು ಹೆಚ್ಚುಕಡಿಮೆ ಒಂದೇ ತಪ್ಪು. ನರ್ಸರಿಗೆ ಹೋಗಿ, ಅವತ್ತು ಚೆಂದ ಕಂಡ ಗಿಡ ತಂದು ಹಚ್ಚಿರುತ್ತಾರೆ. ಶುರು ಮಾಡಬೇಕಾದ್ದು ಗಿಡದಿಂದ ಅಲ್ಲ, ಕ್ಯಾಲೆಂಡರಿನಿಂದ. ನಿಮ್ಮ ಹಿತ್ತಲಲ್ಲಿ ಯಾವ ತಿಂಗಳು ಏನೂ ಅರಳುವುದಿಲ್ಲವೋ, ಆ ತಿಂಗಳಿಗೆ ಮೊದಲು ಹೂವು ಹುಡುಕಬೇಕು.

ನಮ್ಮ ಕಡೆ ಇಂಥ ಖಾಲಿ ಜಾಗ ಎರಡು. ಒಂದು ಜುಲೈ: ಹಿಡಿದ ಮಳೆ, ಹೊಸ ಗಿಡಗಳಿನ್ನೂ ಹೂವಿಗೆ ಬಂದಿರುವುದಿಲ್ಲ. ಇನ್ನೊಂದು ಏಪ್ರಿಲ್-ಮೇ: ಬೀದಿಯ ಮರಗಳಲ್ಲಿ ಹೂವಿರುತ್ತದೆ, ಹಿತ್ತಲಲ್ಲಿ ನೀರಿರುವುದಿಲ್ಲ. ಸೆಪ್ಟೆಂಬರಿನಿಂದ ಜನವರಿ ತನಕ ಯಾರ ತೋಟವಾದರೂ ಸುಮಾರಾಗಿ ನಡೆಯುತ್ತದೆ. ಅದರ ಚಿಂತೆ ಆಮೇಲೆ ಮಾಡೋಣ.

ಬೇಕಾಗುವ ಸಾಮಾನು

ದುಬಾರಿಯದ್ದು ಏನೂ ಬೇಡ. ಸಲಿಕೆ, ಕುರ್ಪಿ, ಸಣ್ಣ ತೂತಿನ ಝಾರಿ, ಅಗಲ ಬಾಯಿಯ ಮಣ್ಣಿನ ತಟ್ಟೆ ಎರಡು, ಒಂದು ಬುಟ್ಟಿ ಉರುಟು ಕಲ್ಲು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಎರಡು ಮೂರು ಚೀಲ, ಬರೆಯಲು ಜಾಗವಿರುವ ಗೋಡೆ ಕ್ಯಾಲೆಂಡರ್.

ಬೀಜದಲ್ಲಿ ಅರ್ಧದಷ್ಟು ಅಡುಗೆಮನೆಯಲ್ಲೇ ಸಿಗುತ್ತದೆ: ಹವೀಜ (ಕೊತ್ತಂಬರಿ ಬೀಜ), ಸಾಸಿವೆ, ಎಳ್ಳು, ಗುರೆಳ್ಳು (ಹುಚ್ಚೆಳ್ಳು), ಅಗಸಿ. ಹುರಿದದ್ದು ಆಗಿರಬಾರದು, ಅಷ್ಟೇ. ಅನುಮಾನ ಇದ್ದರೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಆರೇಳು ಮೊಳೆತರೆ ಬಿತ್ತಬಹುದು. ಅಂಗಡಿಯಿಂದ ಬೀಜ ತರುವಾಗ ಗುಲಾಬಿ ಅಥವಾ ನೀಲಿ ಬಣ್ಣ ಸವರಿದ ಬೀಜದ ಪಾಕೀಟು ಬೇಡ. ಬೀಜಕ್ಕೆ ಔಷಧಿ ಹಚ್ಚಿದ್ದಾರೆ ಎನ್ನುವ ಗುರುತು ಅದು. ಹೊಲಕ್ಕೆ ಅದು ನಡೆದೀತು. ಜೇನು ಕರೆಯಬೇಕೆಂದಿರುವ ಹಿತ್ತಲಿಗೆ ಬೇಡ.

ಹಂತ 1: ಒಂದು ವಾರ ಏನೂ ಹಚ್ಚಬೇಡಿ, ಸುಮ್ನೆ ನೋಡಿ

ಬಿಸಿಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನು ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4ಕ್ಕೆ ನೋಡಿ. ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಜಾಗ ಬೇಕು. ಬೆಳಗಿನ ಬಿಸಿಲು ಬೀಳುವ ಮೂಡಣ ಮೂಲೆ ಸಿಕ್ಕರೆ ಅದನ್ನೇ ಮುಖ್ಯ ಮಡಿಗೆ ಇಟ್ಟುಕೊಳ್ಳಿ. ಜೇನುಹುಳು ಮೈ ಬೆಚ್ಚಗಾದ ಮೇಲೇ ಕೆಲಸಕ್ಕೆ ಇಳಿಯುವುದು. ಹೂವು ಚೆನ್ನಾಗಿದ್ದರೂ ದಿನವಿಡೀ ನೆರಳಿರುವ ಸಂದಿಗೆ ಅವು ಬರುವುದು ಕಡಿಮೆ.

ಆಮೇಲೆ ಓಣಿಯಲ್ಲಿ ಒಂದು ಸುತ್ತು ಹಾಕಿ. ಬೇವು ಮಾರ್ಚ್-ಏಪ್ರಿಲ್‌ನಲ್ಲಿ ಅರಳುತ್ತದೆ, ಹೊಂಗೆ ಅದರ ಬೆನ್ನಿಗೇ, ಹುಣಸೆ ಮೇ ಹೊತ್ತಿಗೆ. ಮಾವು ಇದ್ದರೆ ಚಳಿಗಾಲದ ಕೊನೆಗೆ. ಧಾರವಾಡದ ಹಳೆಯ ಬಡಾವಣೆಗಳಲ್ಲಿ ಇಂಥ ಮರಗಳಿಗೆ ಬರವಿಲ್ಲ. ನವಲೂರಿನ ಕಡೆ ಪೇರಲ ತೋಟಗಳೂ ಇವೆ. ಇವೆಲ್ಲ ನಿಮಗೆ ಪುಕ್ಕಟೆ ಸಿಕ್ಕ ಹೂವು. ಹತ್ತಿರದಲ್ಲಿ ನಾಲ್ಕು ಹೊಂಗೆ ಮರ ಇದ್ದರೆ ಏಪ್ರಿಲ್‌ನಲ್ಲಿ ನೀವು ಹೂವಿಗಾಗಿ ಒದ್ದಾಡಬೇಕಿಲ್ಲ, ನೀರಿಟ್ಟರೆ ಸಾಕು.

ಈಗ ಕ್ಯಾಲೆಂಡರ್ ತೆಗೆಯಿರಿ. ಪ್ರತಿ ತಿಂಗಳ ಹಾಳೆಯ ಮೇಲೆ, ಆ ತಿಂಗಳು ನಿಮ್ಮ ಹಿತ್ತಲಲ್ಲೂ ಓಣಿಯಲ್ಲೂ ಅರಳುವುದನ್ನು ಬರೆಯಿರಿ. ಎರಡಕ್ಕಿಂತ ಕಡಿಮೆ ಹೆಸರಿರುವ ತಿಂಗಳಿಗೆ ಕೆಂಪು ಗೆರೆ ಎಳೆಯಿರಿ. ಮುಂದಿನ ಎಲ್ಲ ಹಂತವೂ ಆ ಕೆಂಪು ತಿಂಗಳುಗಳಿಗಾಗಿಯೇ.

ಬರುವವರು ಯಾರು ಅನ್ನುವುದನ್ನೂ ಗಮನಿಸಿ. ತುಡುವೆ, ಕೋಲುಜೇನು, ಹೆಜ್ಜೇನು ನಿಮಗೆ ಗೊತ್ತೇ ಇವೆ. ಇರುವೆಯಷ್ಟೇ ಇರುವ ಕಪ್ಪು ಮುಜಂಟಿ ಜೇನು ಬಹಳ ಜನರ ಕಣ್ಣಿಗೇ ಬಿದ್ದಿರುವುದಿಲ್ಲ. ಅದಕ್ಕೆ ಕಚ್ಚಲು ಮುಳ್ಳೂ ಇಲ್ಲ. ಇವಲ್ಲದೆ ಗುಂಪು ಕಟ್ಟದೆ ಒಂಟಿಯಾಗಿ ಬದುಕುವ ಜೇನುಗಳಿವೆ. ಕಪ್ಪಗೆ ದಪ್ಪಗೆ ಗುಂಯ್ ಅನ್ನುವ ಬಡಗಿ ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟಿ ಇರುವ ಜೇನು, ಗುಲಾಬಿ ಎಲೆಯನ್ನು ದುಂಡಗೆ ಕತ್ತರಿಸಿ ಒಯ್ಯುವ ಜೇನು ಇದೇ ಸಾಲಿನವು. ನೊಣ, ಪತಂಗ, ಸೂರಕ್ಕಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಾವಿನ ಹೂವು ಕಾಯಿ ಕಟ್ಟುವುದರಲ್ಲಿ ನೊಣಗಳ ಪಾಲು ದೊಡ್ಡದು.

ಹಂತ 2: ಮಣ್ಣು ಯಾವುದು ಅಂತ ಮೊದಲು ತಿಳಿಯಿರಿ

ಗದಗ, ನವಲಗುಂದ, ಹುಬ್ಬಳ್ಳಿಯ ಮೂಡಣ ಭಾಗದಲ್ಲಿ ಕಪ್ಪು ಎರಿ ಮಣ್ಣು ಜಾಸ್ತಿ. ಧಾರವಾಡದಿಂದ ಪಡುವಣಕ್ಕೆ ಹೋದಂತೆ ಕೆಂಪು ಮಸಾರಿ. ಒಂದು ಹಿಡಿ ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ನೋಡಿ. ಉದ್ದಕ್ಕೆ ಬತ್ತಿಯಂತೆ ಬಂದು, ಬಾಗಿಸಿದರೂ ಮುರಿಯದಿದ್ದರೆ ಅದು ಎರಿ. ಬತ್ತಿ ಆಗುವ ಮೊದಲೇ ಉದುರಿದರೆ ಮಸಾರಿ.

ಎರಿ ಮಣ್ಣಿನವರು ಮಡಿ ಎತ್ತರಿಸಲೇಬೇಕು. ಒಂದು ಗೇಣು ಎತ್ತರ, ಮೂರು ಅಡಿ ಅಗಲ ಸಾಕು. ನಡುವೆ ನೀರು ಹರಿದು ಹೋಗಲು ಕಾಲುವೆ ಇರಲಿ. ಮಳೆಗಾಲದಲ್ಲಿ ಈ ಮಣ್ಣು ನೀರು ಹಿಡಿದಿಟ್ಟುಕೊಂಡು ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರನ್ನು ಹರಿಯುತ್ತದೆ. ಎರಡಕ್ಕೂ ಮದ್ದು ಒಂದೇ, ಕೊಳೆತ ಗೊಬ್ಬರ. ಹತ್ತು ಅಡಿ ಉದ್ದದ ಮಡಿಗೆ ಎರಡು ಚೀಲ ಹಾಕಿ ಮೇಲಿನ ಅರ್ಧ ಅಡಿಯಲ್ಲಿ ಬೆರೆಸಿ. ಒಂದೆರಡು ಬುಟ್ಟಿ ಉಸುಕು ಸುರಿದರೆ ಮಣ್ಣು ಹಗುರ ಆಗುತ್ತದೆ ಅಂತ ಬಹಳ ಜನ ಮಾಡುತ್ತಾರೆ. ಆಗುವುದಿಲ್ಲ. ಒಣಗಿದಾಗ ಇನ್ನೂ ಗಟ್ಟಿ ಆಗುತ್ತದೆ.

ಒದ್ದೆ ಇರುವಾಗ ಎರಿ ಮಣ್ಣನ್ನು ಅಗೆಯಬೇಡಿ, ತುಳಿಯಬೇಡಿ. ಸಲಿಕೆಗೆ ಅಂಟುತ್ತಿದ್ದರೆ ಆ ದಿನದ ಕೆಲಸ ಬಿಟ್ಟುಬಿಡಿ. ಒದ್ದೆಯಲ್ಲಿ ತುಳಿದ ಜಾಗ ಆ ಹಂಗಾಮು ಪೂರ್ತಿ ಇಟ್ಟಿಗೆಯಾಗಿಯೇ ಇರುತ್ತದೆ.

ಮಸಾರಿಯವರಿಗೆ ಈ ಕಷ್ಟ ಇಲ್ಲ. ನೀರು ಬೇಗ ಇಂಗಿ ಹೋಗುವುದೇ ಅವರ ತೊಂದರೆ. ಗೊಬ್ಬರದ ಮೇಲೆ ಎಲೆ, ಕಣಕಿ (ಜೋಳದ ಒಣ ದಂಟು) ಚೂರು ಹರಡಿದರೆ ಸಾಕು. ಮಾಳಿಗೆ ಮೇಲೆ ಕುಂಡದಲ್ಲಿ ಬೆಳೆಸುವವರು 12 ಇಂಚಿಗಿಂತ ಸಣ್ಣ ಕುಂಡ ಇಡಬೇಡಿ. ಏಪ್ರಿಲ್ ಬಿಸಿಲಿಗೆ ಸಣ್ಣ ಕುಂಡದ ಮಣ್ಣು ಮಧ್ಯಾಹ್ನದೊಳಗೆ ಒಣಗಿರುತ್ತದೆ, ಒಣಗಿದ ಗಿಡದ ಹೂವಿನಲ್ಲಿ ಮಕರಂದ ಇರುವುದಿಲ್ಲ. ಹೂವು ಇದೆ, ಹುಳ ಇಲ್ಲ ಅನ್ನುವ ದೂರಿಗೆ ಇದೂ ಒಂದು ಕಾರಣ.

ಹಂತ 3: ಗಿಡಕ್ಕಿಂತ ಮೊದಲು ನೀರಿನ ತಟ್ಟೆ

ಮಣ್ಣಿನ ತಟ್ಟೆಯಲ್ಲಿ ಕಲ್ಲು ತುಂಬಿ, ಕಲ್ಲಿನ ತಲೆ ಮೇಲೆ ಕಾಣುವಷ್ಟು ಮಾತ್ರ ನೀರು ಹಾಕಿ. ಜೇನು ಕಲ್ಲಿನ ಮೇಲೆ ಕೂತು ಅಂಚಿನ ಒದ್ದೆಯನ್ನು ಹೀರುತ್ತದೆ. ಬಕೆಟ್, ಡ್ರಮ್ಮು, ಸ್ಟೀಲಿನ ತಟ್ಟೆ ಬೇಡ. ಒಂದರಲ್ಲಿ ಬಿದ್ದು ಸಾಯುತ್ತವೆ, ಇನ್ನೊಂದು ಕಾದು ಸುಡುತ್ತದೆ. ಅರೆ ನೆರಳಿನಲ್ಲಿ ಒಂದೇ ಜಾಗದಲ್ಲಿ ಇಡಿ. ಜೇನಿಗೆ ಒಮ್ಮೆ ದಾರಿ ಗೊತ್ತಾದರೆ ಅಲ್ಲಿಗೇ ಬರುತ್ತದೆ. ನೀವು ತಟ್ಟೆ ಸರಿಸಿದರೆ ಹಳೆಯ ಜಾಗದಲ್ಲೇ ಸುತ್ತುತ್ತಿರುತ್ತದೆ.

ನಳಕ್ಕೆ ನೀರು ಯಾವಾಗಲೋ ಒಮ್ಮೆ ಬರುವ ಬಡಾವಣೆಯವರಿಗೆ ಇದೆಲ್ಲ ಶೋಕಿ ಅನ್ನಿಸಬಹುದು. ತರಕಾರಿ ತೊಳೆದ ನೀರಿನಲ್ಲಿ ಎರಡು ಲೋಟ ಸಾಕು. ಸೋಪಿನ ನೀರು ಮಾತ್ರ ಬೇಡ. ಎರಡು ದಿನಕ್ಕೊಮ್ಮೆ ತಟ್ಟೆ ತೊಳೆದು ನೀರು ಬದಲಿಸಿ. ವಾರಗಟ್ಟಲೆ ಬಿಟ್ಟರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ಓಣಿಯಲ್ಲಿ ಸೊಳ್ಳೆಗೆ ಹೊಗೆ ಬಿಡುವ ಸಂಜೆ ತಟ್ಟೆ ಮುಚ್ಚಿಟ್ಟು, ಮರುದಿನ ಬೆಳಿಗ್ಗೆ ಹೊಸ ನೀರು ಹಾಕಿ.

ಪಕ್ಕದಲ್ಲೇ ಒಂದು ಅಡಿ ಜಾಗ ಸದಾ ಕೆಸರಾಗಿರಲಿ. ಗಂಡು ಚಿಟ್ಟೆಗಳು ಕೆಸರಿನಿಂದ ಉಪ್ಪಿನ ಅಂಶ ಹೀರುತ್ತವೆ. ನಿಂಬೆ ಚಿಟ್ಟೆ ನಾಲ್ಕೈದು ಒಟ್ಟಿಗೆ ಕೂತಿರುವುದನ್ನು ಬೇಸಿಗೆಯ ಬೆಳಿಗ್ಗೆ ಇಂಥ ಜಾಗದಲ್ಲೇ ನೋಡಬೇಕು.

ಹಂತ 4: ಗಟ್ಟಿ ಗಿಡಗಳನ್ನು ಮೃಗಶಿರಾ, ಆರಿದ್ರಾ ಮಳೆಗೆ ಹಚ್ಚಿ

ವರ್ಷಾನುಗಟ್ಟಲೆ ನಿಲ್ಲುವ ಗಿಡಗಳನ್ನು ಜೂನ್‌ನಲ್ಲಿ, ನೆಲ ಒಂದು ಅಡಿ ಒದ್ದೆಯಾದ ಮೇಲೆ ಹಚ್ಚಬೇಕು. ಮೊದಲ ಮಳೆಗೇ ಅವಸರ ಮಾಡಿದರೆ ನಡುವೆ ಹದಿನೈದು ದಿನ ಮಳೆ ಕೈಕೊಟ್ಟಾಗ ಗಿಡ ಒಣಗುತ್ತದೆ. ಎರಿ ಮಣ್ಣಿನಲ್ಲಿ ಗಿಡದ ಬುಡ ಸುತ್ತಲಿನ ನೆಲಕ್ಕಿಂತ ಎರಡು ಬೆರಳು ಮೇಲಿರಲಿ.

ಜಾಗ ಚಿಕ್ಕದಿದ್ದರೆ ಮೂರೇ ಸಾಕು: ಕರಿಬೇವು, ನಿಂಬೆ, ರತ್ನಗಂಧಿ. ಕರಿಬೇವು ಬೇಸಿಗೆಯಲ್ಲಿ ಬಿಳಿ ಗೊಂಚಲು ಬಿಡುತ್ತದೆ, ಸಂಜೆ ಹೊತ್ತು ಅದರ ವಾಸನೆಗೆ ಪತಂಗಗಳೂ ಬರುತ್ತವೆ. ರತ್ನಗಂಧಿ ನೀರು ಕಡಿಮೆ ಕೇಳುತ್ತದೆ, ಹೆಚ್ಚುಕಡಿಮೆ ವರ್ಷಪೂರ್ತಿ ಅರಳುತ್ತದೆ, ಚಿಟ್ಟೆ ಮತ್ತು ಸೂರಕ್ಕಿ ಎರಡಕ್ಕೂ ಬೇಕು. ಕೆಂಪು ತಿಂಗಳು ತುಂಬಲು ಇಷ್ಟು ನಂಬಿಕಸ್ಥ ಗಿಡ ನಮ್ಮ ಕಡೆ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನರ್ಸರಿಯಲ್ಲಿ ಯಾರೂ ಅದನ್ನು ಮುಂದೆ ಇಟ್ಟಿರುವುದಿಲ್ಲ, ಕೇಳಿ ತರಬೇಕು.

ಇನ್ನಷ್ಟು ಜಾಗ ಇದ್ದರೆ ನುಗ್ಗೆ. ಪಿಕೆಎಂ-1, ಭಾಗ್ಯ ತಳಿಗಳು ಬೇಗ ಹೂ ಬಿಡುತ್ತವೆ, ಬಡಗಿ ದುಂಬಿಗೆ ನುಗ್ಗೆ ಹೂವೆಂದರೆ ಪ್ರಾಣ. ಪೇರಲ, ದಾಸವಾಳ, ಟೆಕೋಮಾ, ಗೊರಟೆ ಕೂಡ ಒಳ್ಳೆಯವು. ಗೊರಟೆ ಚಳಿಗಾಲದಲ್ಲಿ ಅರಳುತ್ತದೆ, ಬೇಲಿಗೂ ಆಗುತ್ತದೆ. ತುಳಸಿಯನ್ನು ಕಟ್ಟೆಯಲ್ಲಿ ಒಂದೇ ಗಿಡ ಇಟ್ಟು ಬಿಡಬೇಡಿ, ಬೇಲಿ ಸಾಲಿನಲ್ಲಿ ಆರೇಳು ಹಚ್ಚಿ. ಪೂಜೆಗೆ ಕುಡಿ ಚಿವುಟುವ ಗಿಡ ಬೇರೆ, ಹೂವಿಗೆ ಬಿಡುವ ಗಿಡ ಬೇರೆ ಇರಲಿ.

ಲಂಟಾನ ತರಬೇಡಿ. ಚಿಟ್ಟೆ ಬರುವುದು ನಿಜ, ಆದರೆ ಅದರ ಬೀಜವನ್ನು ಹಕ್ಕಿಗಳು ಊರ ಹೊರಗೆಲ್ಲ ಹರಡುತ್ತವೆ. ಕಣಗಿಲೆ ಚಿಕ್ಕ ಮಕ್ಕಳಿರುವ ಮನೆಗೆ, ದನ ಬಾಯಿ ಹಾಕುವ ಬೇಲಿಗೆ ಬೇಡ. ಗಿಡ ಪೂರ್ತಿ ವಿಷ.

ನರ್ಸರಿಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಇದೆ: ಇತ್ತೀಚೆಗೆ ಏನು ಸಿಂಪಡಿಸಿದ್ದೀರಿ? ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಅಂದರೆ ಆ ಗಿಡ ಬೇಡ. ಈ ಔಷಧಿ ಗಿಡದ ಒಳಗೇ ಹರಿದು ಮಕರಂದ, ಪರಾಗಕ್ಕೂ ಸೇರುತ್ತದೆ. ಎಲೆ ತೊಳೆದರೆ ಹೋಗುವಂಥದ್ದಲ್ಲ.

ಹಂತ 5: ಬಿತ್ತನೆಯ ಸರದಿ

ಬಹಳ ಜನ ಸೋಲುವುದು ಇಲ್ಲೇ. ಎಲ್ಲ ಬೀಜ ಒಂದೇ ದಿನ ಹಾಕುತ್ತಾರೆ, ಎಲ್ಲವೂ ಒಂದೇ ತಿಂಗಳು ಅರಳಿ ಮುಗಿಯುತ್ತವೆ. ಕ್ಯಾಲೆಂಡರಿನಲ್ಲಿ ಹೂವು ಬೇಕಾದ ದಿನ ಹಿಡಿದು, ಅಲ್ಲಿಂದ ಹಿಂದಕ್ಕೆ ಎಣಿಸಿ ಬಿತ್ತಬೇಕು. ಸೌತೆಗೆ ಸುಮಾರು 40 ದಿನ, ಹವೀಜಕ್ಕೆ 45ರಿಂದ 60, ಸೂರ್ಯಕಾಂತಿಗೆ ಸುಮಾರು 60.

ಇನ್ನೊಂದು ನಿಯಮವೂ ಇದೆ. ಯಾವುದನ್ನೇ ಬಿತ್ತಿ, ಕನಿಷ್ಠ ಮೂರು ಅಡಿ ಚೌಕದಲ್ಲಿ ಒಂದೇ ಜಾತಿ ಇರಲಿ. ಜೇನುಹುಳು ಒಮ್ಮೆ ಹೊರಟರೆ ಒಂದೇ ಜಾತಿಯ ಹೂವನ್ನು ಹಿಡಿದು ಹೋಗುತ್ತದೆ. ಹತ್ತು ಜಾತಿಯ ಒಂದೊಂದೇ ಗಿಡ ಇರುವ ತೋಟ ಫೋಟೋಕ್ಕೆ ಚೆಂದ, ಅದಕ್ಕೆ ಲಾಭ ಇಲ್ಲ.

ಮೇ ನಡುವೆ, ಮುಂಗಾರಿಗೆ ಮುಂಚಿನ ಅಡ್ಡಮಳೆ ಬಿದ್ದ ಕೂಡಲೇ: ಜುಲೈನ ಖಾಲಿ ಜಾಗ ತುಂಬುವ ಬಿತ್ತನೆ ಇದು. ಇದನ್ನು ತಪ್ಪಿಸಿದರೆ ಆ ವರ್ಷ ಜುಲೈ ಹೋದಂತೆಯೇ. ಸೌತೆ, ಹೀರೆ, ಕುಂಬಳ, ಹಳದಿ ಕಾಸ್ಮಾಸ್, ಸೂರ್ಯಕಾಂತಿ. ಮಳೆ ಬರದಿದ್ದರೆ ಝಾರಿಯಲ್ಲಿ ನೀರು ಹಾಕಿಯಾದರೂ ಮೊಳೆಸಿ. ಕುಂಬಳ ನಸುಕಿನಲ್ಲಿ ಅರಳಿ ಹೊತ್ತೇರುವ ಮೊದಲೇ ಮುಚ್ಚುತ್ತದೆ, ಹೀರೆ ಸಂಜೆ ಅರಳುತ್ತದೆ. ಎರಡೂ ಇದ್ದರೆ ಬೆಳಗಿನ ಜೇನಿಗೂ ಸಂಜೆಯ ಪತಂಗಕ್ಕೂ ಊಟ ಸಿಕ್ಕಂತೆ. ಜಿಟಿಜಿಟಿ ಮಳೆಯಲ್ಲಿ ಜೇನು ಹಾರುವುದಿಲ್ಲ, ನಡುವೆ ಒಂದು ತಾಸು ಹೊಳವಾದರೆ ಹೊರಗೆ ಬೀಳುತ್ತವೆ. ಆ ತಾಸಿನಲ್ಲಿ ಮಳೆಗೆ ತೋಯದ ಹೂವು ಸಿಗಬೇಕು. ಹಾಗಾಗಿ ಈ ಮಡಿ ಗೋಡೆಯ ಮರೆಯಲ್ಲಿ, ಮಳೆಯ ಇರಚಲು ನೇರ ಹೊಡೆಯದ ಕಡೆ ಇರಲಿ.

ಜೂನ್‌ನಲ್ಲಿ: ಗುರೆಳ್ಳು, ಎಳ್ಳು, ಅಲಸಂದಿ, ಜಿನಿಯಾ. ಗುರೆಳ್ಳು ಹಗಲು ಚಿಕ್ಕದಾಗುತ್ತ ಬಂದಾಗಲೇ ಹೂವಿಗೆ ತಿರುಗುವ ಗಿಡ. ಜೂನ್‌ನಲ್ಲಿ ಬಿತ್ತಿದರೂ ಅರಳುವುದು ಸೆಪ್ಟೆಂಬರ್ ಹತ್ತಿರ. "ಎರಡು ತಿಂಗಳಾಯಿತು, ಬರೀ ಎಲೆ" ಅಂತ ಕಿತ್ತು ಹಾಕಬೇಡಿ. ಇದೇ ಹೊತ್ತಿಗೆ ತುಂಬೆ ತಾನಾಗಿಯೇ ಏಳುತ್ತದೆ. ಕಳೆ ತೆಗೆಯುವಾಗ ಅದನ್ನು ಬಿಡಿ. ಅದರ ಪುಟ್ಟ ಬಿಳಿ ಹೂವಿಗೆ ಬರುವಷ್ಟು ಹುಳ ದುಡ್ಡು ಕೊಟ್ಟು ತಂದ ಎಷ್ಟೋ ಗಿಡಕ್ಕೆ ಬರುವುದಿಲ್ಲ.

ಹಸ್ತಾ, ಚಿತ್ತಾ ಮಳೆಯ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್: ಹವೀಜ, ಸಬ್ಬಸಿಗೆ, ಸಾಸಿವೆ, ಅಗಸಿ, ಕುಸುಬಿ. ಕುಸುಬಿಗೆ ಮುಳ್ಳು, ಓಡಾಡುವ ದಾರಿಯಿಂದ ದೂರ ಬೇಲಿಯ ಬದಿಗೆ ಹಾಕಿ. ಅಕ್ಟೋಬರ್ ಕೊನೆಗೆ, ಅಡುಗೆಮನೆಯಲ್ಲಿ ಮೊಳಕೆ ಬಂದ ಉಳ್ಳಾಗಡ್ಡಿಗಳನ್ನು ಒಂದು ಸಾಲು ಹುಗಿಯಿರಿ. ಜನವರಿ-ಫೆಬ್ರುವರಿಗೆ ಉದ್ದ ದಂಟಿನ ತುದಿಯಲ್ಲಿ ಬಿಳಿ ಚೆಂಡು ಅರಳುತ್ತವೆ. ಕೋಲುಜೇನು ಅದರ ಮೇಲೆ ಇಡೀ ಮುಂಜಾನೆ ಸುತ್ತು ಹೊಡೆಯುತ್ತಿರುತ್ತದೆ.

ಹವೀಜದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಇಷ್ಟು ಅಗ್ಗದಲ್ಲಿ ಇಷ್ಟು ಕೆಲಸ ಮಾಡುವುದು ಇನ್ನೊಂದಿಲ್ಲ. ಕಾಳನ್ನು ಗಚ್ಚಿನ ಮೇಲೆ ಹರಡಿ ಲಟ್ಟಣಿಗೆ ಉರುಳಿಸಿ ಎರಡು ಹೋಳು ಮಾಡಿ. ಪ್ರತಿ ಹೋಳಿನಲ್ಲೂ ಒಂದು ಬೀಜ ಇರುತ್ತದೆ. ರಾತ್ರಿ ನೆನೆಸಿ, ಬೆಳಿಗ್ಗೆ ನೆರಳಲ್ಲಿ ಆರಿಸಿ, ಅರ್ಧ ಬೆರಳು ಆಳದಲ್ಲಿ ಬಿತ್ತಿ. ಮೊಳೆಯಲು ಹತ್ತು ದಿನ ಹಿಡಿಯುತ್ತದೆ, ಅಲ್ಲಿ ತನಕ ಮೇಲ್ಮಣ್ಣು ಒಣಗಬಾರದು. ಹದಿನೈದು ದಿನಕ್ಕೊಂದರಂತೆ ಮೂರು ಸಾಲು ಹಾಕಿ. ಎಲೆಯನ್ನು ಒಂದು ಸಲ ಮಾತ್ರ ಕೊಯ್ದುಕೊಂಡು ಆಮೇಲೆ ಬಿಟ್ಟುಬಿಡಿ. ಹೂವಿಗೆ ಬಿಟ್ಟ ಸಾಲಿಗೆ ಕೆಂಪು ದಾರ ಕಟ್ಟಿ ಮನೆಯಲ್ಲಿ ಎಲ್ಲರಿಗೂ ಹೇಳಿ. ಇಲ್ಲದಿದ್ದರೆ ಯಾರೋ ಒಬ್ಬರು ಚಟ್ನಿಗೆ ಅಂತ ಬುಡಸಮೇತ ಕಿತ್ತಿರುತ್ತಾರೆ. ಕೊಡೆಯಂತೆ ಬಿಚ್ಚಿಕೊಳ್ಳುವ ಬಿಳಿ ಹೂಗೊಂಚಲು ಚಪ್ಪಟೆ, ಒಂದೊಂದು ಹೂವೂ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಮುಜಂಟಿಯಂಥ ಚಿಕ್ಕ ಬಾಯಿಯವರಿಗೂ ಮಕರಂದ ಎಟುಕುತ್ತದೆ. ಗಾಳಿಯಲ್ಲಿ ಅಲುಗಾಡದೆ ನಿಲ್ಲುವ ಹಳದಿ ಪಟ್ಟಿಯ ನೊಣಗಳೂ ಬರುತ್ತವೆ. ಅವುಗಳ ಮರಿ ಸಸ್ಯಹೇನು ತಿನ್ನುತ್ತದೆ.

ಜನವರಿ ಕೊನೆಯಿಂದ ಫೆಬ್ರುವರಿ: ಬೇಸಿಗೆಯ ಬಿತ್ತನೆ. ಕಾಮಕಸ್ತೂರಿ, ಟೇಬಲ್ ರೋಸ್, ಇನ್ನೊಂದು ಸರದಿ ಸೂರ್ಯಕಾಂತಿ. ಕಾಮಕಸ್ತೂರಿಯ ಒಣಗಿದ ತೆನೆ ಚಿವುಟುತ್ತಿದ್ದರೆ ಮೇ ತನಕ ಅರಳುತ್ತದೆ. ನೀರು ತೀರಾ ಕಡಿಮೆ ಇರುವವರು ಟೇಬಲ್ ರೋಸ್ ಒಂದನ್ನೇ ಅಗಲ ಕುಂಡದಲ್ಲಿ ತುಂಬಿ. ಒಂದೇ ಸುತ್ತಿನ ಎಸಳಿನದು ಇರಲಿ.

ಎಸಳಿನ ಮಾತು ಎಲ್ಲ ಹೂವಿಗೂ ಅನ್ವಯಿಸುತ್ತದೆ. ಚೆಂಡು ಹೂವು, ಸೇವಂತಿಗೆ, ದಾಸವಾಳ, ಗುಲಾಬಿ ಯಾವುದೇ ಇರಲಿ, ಹೂವಿನ ನಡುವಿನ ಪರಾಗದ ಭಾಗ ಬರಿಗಣ್ಣಿಗೆ ಕಂಡರೆ ತನ್ನಿ. ಎಸಳು ಒತ್ತಿಕೊಂಡು ನಡುವೆ ಏನೂ ಕಾಣದಿದ್ದರೆ ಅದು ಹಾರಕ್ಕೆ, ಜೇನಿಗಲ್ಲ.

ಹಂತ 6: ಎಲೆಯಲ್ಲಿ ಹುಳುವಿನ ಪಾಲು

ಚಿಟ್ಟೆ ಬೇಕು, ಕಂಬಳಿಹುಳು ಬೇಡ ಅಂದರೆ ಹೇಗೆ? ನಿಂಬೆ, ಕರಿಬೇವಿನ ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕಂದು-ಬಿಳಿ ಚುಕ್ಕೆ ಕಂಡರೆ ಒಮ್ಮೆ ಬಗ್ಗಿ ನೋಡಿ. ಅದು ನಿಂಬೆ ಚಿಟ್ಟೆಯ ಎಳೆ ಮರಿ. ಕೆಲವು ದಿನಕ್ಕೆ ದಪ್ಪಗಾಗಿ ಹಸಿರಾಗುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಹೊರಗೆ ಹಾಕಿ ಘಾಟು ವಾಸನೆ ಬಿಡುತ್ತದೆ. ಹೆದರಿಸುವುದಕ್ಕೆ ಅಷ್ಟೇ, ಏನೂ ಮಾಡುವುದಿಲ್ಲ. ಮಕ್ಕಳಿಗೆ ತೋರಿಸಿ.

ಒಂದು ಕರಿಬೇವು ಅಡುಗೆಗೆ, ಒಂದು ಹುಳುವಿಗೆ ಅಂತ ಎರಡು ಹಚ್ಚಿದರೆ ಮನೆಯಲ್ಲಿ ಜಗಳ ಇರುವುದಿಲ್ಲ. ಆರೋಗ್ಯವಾದ ಗಿಡ ಎಲೆ ಕಳೆದುಕೊಂಡರೂ ಮತ್ತೆ ಚಿಗುರುತ್ತದೆ. ತೀರಾ ಸಣ್ಣ ಸಸಿ ಆಗಿದ್ದರೆ ಹುಳುಗಳನ್ನು ದೊಡ್ಡ ಗಿಡಕ್ಕೆ ಎತ್ತಿ ಬಿಡಿ.

ಹಿಂದಿನ ಮೂಲೆಯಲ್ಲಿ ಎಕ್ಕೆ, ಔಡಲ (ಹರಳು) ಒಂದೊಂದು ಇದ್ದರೆ ಇನ್ನೂ ಬೇರೆ ಚಿಟ್ಟೆಗಳು ಮೊಟ್ಟೆಯಿಡುತ್ತವೆ. ಎಕ್ಕೆಯ ಹಾಲು ಕಣ್ಣಿಗೆ ತಾಗಬಾರದು. ಔಡಲದ ಬೀಜ ಮಕ್ಕಳ ಬಾಯಿಗೆ ಹೋಗಬಾರದು, ಕಾಯಿ ಬಲಿಯುವ ಮೊದಲೇ ಚಿವುಟಿಬಿಡಿ. ಮುಟ್ಟಿದರೆ ತುರಿಸುವ ರೋಮದ ಕಂಬಳಿಹುಳು ಬೇರೆ ಜಾತಿ. ಅದನ್ನು ಕಡ್ಡಿಯಿಂದ ತೆಗೆದು ದೂರ ಹಾಕಿದರೆ ತಪ್ಪೇನಿಲ್ಲ.

ಹಂತ 7: ಗೂಡಿಗೆ ಜಾಗ

ಒಂಟಿ ಜೇನುಗಳಲ್ಲಿ ಬಹಳಷ್ಟು ನೆಲದಲ್ಲಿ ತೂತು ಕೊರೆದು ಇರುತ್ತವೆ. ಹಿತ್ತಲ ಪೂರ್ತಿ ಫರಸಿ ಹಾಕಿಸಿದರೆ, ಇಲ್ಲವೇ ಎಲ್ಲ ಕಡೆ ದಪ್ಪಗೆ ಎಲೆ ಮುಚ್ಚಿದರೆ ಅವಕ್ಕೆ ಜಾಗ ಇಲ್ಲ. ಬಿಸಿಲು ಬೀಳುವ, ನೀರು ನಿಲ್ಲದ ಕಡೆ ಎರಡು ಮೂರು ಅಡಿ ನೆಲವನ್ನು ಬರಿದೇ ಬಿಡಿ. ಮಸಾರಿ ಮಣ್ಣಿನ ಸಣ್ಣ ದಿಬ್ಬ ಆದರೆ ಉತ್ತಮ.

ಬಿದಿರಿನ ತುಂಡುಗಳನ್ನು ಒಂದು ಗೇಣು ಉದ್ದಕ್ಕೆ, ಒಂದು ಕಡೆ ಗಂಟು ಉಳಿಯುವಂತೆ ಕತ್ತರಿಸಿ, ಕಟ್ಟು ಮಾಡಿ, ಸೂರಿನ ಕೆಳಗೆ ಮೂಡಣಕ್ಕೆ ಬಾಯಿ ಮಾಡಿ ಕಟ್ಟಿ. ಪೆನ್ಸಿಲು ಹೋಗುವಷ್ಟು ತೂತು ಸಾಕು. ಬಾಯಿಗೆ ಎಲೆಯ ಮುಚ್ಚಳವೋ ಮಣ್ಣಿನ ಮುಚ್ಚಳವೋ ಕಂಡರೆ ಬಾಡಿಗೆಗೆ ಬಂದಿದ್ದಾರೆ ಅಂತ ಅರ್ಥ. ಅಲ್ಲಾಡಿಸಬೇಡಿ. ಹಳೆಯ ಗೋಡೆಯ ಬಿರುಕಿನಲ್ಲಿ ಮೇಣದ ಸಣ್ಣ ಕೊಳವೆ ಹೊರಗೆ ಚಾಚಿದ್ದರೆ ಅದು ಮುಜಂಟಿ ಮನೆ. ಸುಣ್ಣ ಬಳಿಯುವವರಿಗೆ ಮೊದಲೇ ಹೇಳಿಡಿ, ಸಿಮೆಂಟು ಮೆತ್ತಿಬಿಡುತ್ತಾರೆ.

ಹೆಜ್ಜೇನಿನ ಮಾತು ಬೇರೆ. ಅದು ಎತ್ತರದ ಮರ, ನೀರಿನ ಟಾಕಿ, ದೊಡ್ಡ ಕಟ್ಟಡದಲ್ಲಿ ಕಟ್ಟುತ್ತದೆ. ಹೂವಿಗೆ ಬಂದ ಹೆಜ್ಜೇನು ನಿಮ್ಮ ತಂಟೆಗೆ ಬರುವುದಿಲ್ಲ. ಗೂಡೇ ಮನೆಗೆ ಕಟ್ಟಿದರೆ ಮಾತ್ರ ಹೊಗೆ, ಬೆಂಕಿ, ಕಲ್ಲು ಯಾವುದೂ ಬೇಡ, ತಿಳಿದವರನ್ನು ಕರೆಸಿ. ಯಾರಿಗೇ ಜೇನು ಕಚ್ಚಿ ಉಸಿರು ಕಟ್ಟಿದರೆ, ಮುಖ ಊದಿದರೆ ಮನೆಮದ್ದು ನೋಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಹಂತ 8: ಔಷಧಿಯ ಡಬ್ಬಿ ಮುಟ್ಟುವ ಮೊದಲು

ಅಲಸಂದಿಯ ಕುಡಿಗೆ ಕಪ್ಪು ಹೇನು ಮುತ್ತಿದರೆ ಮೊದಲು ನೀರು ಚಿಮ್ಮಿ ಉದುರಿಸಿ. ಒಂದು ವಾರ ಕಾಯಿರಿ. ಗುಲಗಂಜಿ ಹುಳು ಬಂದಿದ್ದರೆ ನಿಮ್ಮ ಕೆಲಸ ಅದು ಮಾಡುತ್ತದೆ. ತಡೆಯದಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕರಗಲು ಕೆಲವು ಹನಿ ಸೋಪಿನ ನೀರು. ಸೂರ್ಯ ಮುಳುಗಿದ ಮೇಲೆ, ಹೇನು ಇರುವ ಕುಡಿಗೆ ಮಾತ್ರ, ಅರಳಿದ ಹೂವಿಗೆ ತಾಗದಂತೆ ಹೊಡೆಯಿರಿ. "ಬೇವು ತಾನೇ, ಏನಾಗುತ್ತೆ" ಅಂತ ಬೆಳಿಗ್ಗೆ ಹತ್ತಕ್ಕೆ ಗಿಡ ಪೂರ್ತಿ ತೋಯಿಸುವವರೇ ಜಾಸ್ತಿ. ಜೇನು ಜೋರಾಗಿ ಓಡಾಡುವುದು ಆಗಲೇ ಅಲ್ವಾ?

ಹಂತ 9: ಮಾರ್ಚ್‌ನಿಂದ ಮೇ

ಕತ್ತರಿ ಹಿಡಿದು ಎಲ್ಲ ಗಿಡಗಳನ್ನು ಒಂದೇ ಭಾನುವಾರ ಸವರಬೇಡಿ. ಈ ವಾರ ಅರ್ಧ, ಮೂರು ವಾರ ಬಿಟ್ಟು ಉಳಿದರ್ಧ. ನೀರು ಸಂಜೆ ಬುಡಕ್ಕೆ ಕೊಡಿ, ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುವುದಕ್ಕಿಂತ ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ. ಕುಂಡಗಳಿಗೆ ಮಾತ್ರ ದಿನಾ ಬೇಕು. ನೀರು ಎಲ್ಲದಕ್ಕೂ ಸಾಲದಿದ್ದರೆ ಎಲ್ಲವನ್ನೂ ಅರೆಜೀವ ಇಡಬೇಡಿ. ಹೂವಿನಲ್ಲಿರುವ ನಾಲ್ಕು ಗಿಡ ಆರಿಸಿ, ಅವಕ್ಕೆ ಪೂರ್ತಿ ಕೊಡಿ.

ಏನೋ ತಪ್ಪಾಗಿದೆ ಅನ್ನುವ ಗುರುತುಗಳು

ಸೌತೆಕಾಯಿ ಒಂದು ತುದಿ ದಪ್ಪ, ಇನ್ನೊಂದು ತುದಿ ಸೊಟ್ಟ: ಪರಾಗ ಸಾಕಷ್ಟು ಬಿದ್ದಿಲ್ಲ. ಕುಂಬಳದ ಪಿಂದೆ ಹಳದಿಯಾಗಿ ಉದುರಿದರೂ ಬಹಳ ಸಲ ಇದೇ ಕಾರಣ. ಬೆಳಿಗ್ಗೆ 7ಕ್ಕೆ ಹೋಗಿ ಹೂವಿನಲ್ಲಿ ಜೇನು ಇದೆಯೇ ನೋಡಿ. ಇಲ್ಲದಿದ್ದರೆ ಪಕ್ಕದಲ್ಲಿ ಹವೀಜ, ತುಳಸಿಯಂಥ ಸದಾ ಹುಳ ಬರುವ ಸಾಲು ಬೇಕು. ಅಲ್ಲಿ ತನಕ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ನೀವೇ ಸವರಿ.

ಬದನೆ, ಟೊಮೆಟೊ ಹೂವು ಉದುರುತ್ತಿದೆ: ಈ ಹೂವಿನ ಪರಾಗ ಪುಟ್ಟ ಕೊಳವೆಯೊಳಗೆ ಇರುತ್ತದೆ, ಗುಂಯ್ ಎಂದು ನಡುಗಿಸಿದರೆ ಚೆನ್ನಾಗಿ ಉದುರುತ್ತದೆ. ತುಡುವೆಗೆ ಅದು ಬರುವುದಿಲ್ಲ, ನೀಲಿ ಪಟ್ಟಿಯ ಜೇನಿಗೂ ಬಡಗಿ ದುಂಬಿಗೂ ಬರುತ್ತದೆ. 7ನೇ ಹಂತದ ಬರಿನೆಲ, ಒಣ ಬಿದಿರು ಇವೆಯೇ ನೋಡಿಕೊಳ್ಳಿ.

ಎಲೆ ಕಡುಹಸಿರು, ಹೂವೇ ಇಲ್ಲ: ಯೂರಿಯಾ ಅಥವಾ ಗೊಬ್ಬರ ಜಾಸ್ತಿ ಆಗಿದೆ, ಇಲ್ಲವೇ ಬಿಸಿಲು ಕಡಿಮೆ. ಎರಡು ತಿಂಗಳು ಏನೂ ಹಾಕಬೇಡಿ.

ಜೇನು ನೆಲದ ಮೇಲೆ ನಡುಗುತ್ತ ತೆವಳುತ್ತಿದೆ, ನೀರಿನ ತಟ್ಟೆ ಸುತ್ತ ಸತ್ತು ಬಿದ್ದಿದೆ: ವಿಷ ತಾಗಿರುವ ಸಾಧ್ಯತೆ ಹೆಚ್ಚು. ನಿಮ್ಮದಲ್ಲದಿದ್ದರೆ ಅಕ್ಕಪಕ್ಕದ ಅಂಗಳ ಅಥವಾ ಹೊಲದಲ್ಲಿ ಸಿಂಪಡಣೆ ಆಗಿರಬೇಕು. ಜಗಳ ತೆಗೆಯದೆ, ಹಗಲಿನ ಬದಲು ಸಂಜೆ ಹೊಡೆಯಿರಿ ಅಂತ ಕೇಳಿ ನೋಡಿ. ಬಹಳ ಜನ ಒಪ್ಪುತ್ತಾರೆ.

ಎಲ್ಲ ಸರಿಯಿದ್ದೂ ಹುಳ ಕಡಿಮೆ: ಹಚ್ಚಿ ಎಷ್ಟು ದಿನ ಆಯಿತು? ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವ ತನಕ ತೀರ್ಪು ಕೊಡಬೇಡಿ. ಮುಜಂಟಿಯಂಥವು ಕೆಲವು ನೂರು ಮೀಟರ್ ಆಚೆಗೆ ಹೋಗುವುದೇ ಇಲ್ಲ. ಅವು ನಿಮ್ಮ ಓಣಿಗೆ ಬಂದು ನೆಲೆಸಬೇಕು.

ಹಂತ 10: ಬೀಜ ಎತ್ತಿಡುವುದು

ಹವೀಜ, ಸಬ್ಬಸಿಗೆ, ಕಾಮಕಸ್ತೂರಿ, ಗುರೆಳ್ಳು ಇವುಗಳಲ್ಲಿ ಚೆನ್ನಾಗಿ ಅರಳಿದ ನಾಲ್ಕು ಗಿಡಗಳನ್ನು ಪೂರ್ತಿ ಒಣಗಲು ಬಿಡಿ. ಬೆಳಗಿನ ತಂಪಿನಲ್ಲಿ ಕೊಯ್ಯಿರಿ, ಮಧ್ಯಾಹ್ನ ಕೊಯ್ದರೆ ಬೀಜ ಕೈಯಲ್ಲೇ ಸಿಡಿದು ಉದುರುತ್ತದೆ. ನೆರಳಲ್ಲಿ ಒಂದು ವಾರ ಒಣಗಿಸಿ, ಕೇರಿ, ಬೂದಿ ಬೆರೆಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿ. ಪೊಟ್ಟಣದ ಮೇಲೆ ಹೆಸರಿಗಿಂತ ಮೊದಲು ಬಿತ್ತುವ ತಿಂಗಳು ಬರೆಯಿರಿ. ಮೇ ತಿಂಗಳ ಪೊಟ್ಟಣ ಎಲ್ಲಕ್ಕಿಂತ ಮೇಲಿರಲಿ. ಅಡ್ಡಮಳೆ ಯಾವ ಸಂಜೆ ಬರುತ್ತದೋ ಹೇಳಲಾಗದು.